ಕರಿಜಾಲಿಯ ದಾರಂದ: ನಾಲ್ಕನೆಯ ಸಲಕ್ಕೆ ಕೈಗೂಡಿತು

ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕರಿಜಾಲಿಯೆಂದರೆ ನೇಗಿಲು, ನೊಗ, ಗಾಡಿಯ ಚಕ್ರ, ಉಳಿದದ್ದು ಒಲೆಗೆ. ಅದರಲ್ಲಿ ಮನೆಯ ದಾರಂದ, ಅಂದರೆ ಬಾಗಿಲ ಚೌಕಟ್ಟು, ಮಾಡುತ್ತೇನೆ ಎಂದಾಗ ನಮ್ಮ ಬಡಗಿ ಕಸುಬಿನವರೇ ತಡೆದರು. ಸೀಳುತ್ತದೆ, ತಿರುಚುತ್ತದೆ, ಹುಳು ಬೀಳುತ್ತದೆ ಎಂದರು. ಮೂರು ಸಲ ಅವರ ಮಾತೇ ನಿಜವಾಯಿತು. ನಾಲ್ಕನೆಯ ಸಲ ಮಾಡಿದ 5 ದಾರಂದ, 11 ಕಿಟಕಿ ಚೌಕಟ್ಟುಗಳು ಈಗ ನಾಲ್ಕು ಮಳೆಗಾಲ ಕಂಡಿವೆ. ಒಂದು ಬಾಗಿಲೂ ಉಬ್ಬಿ ಸಿಕ್ಕಿಕೊಂಡಿಲ್ಲ.

ಮೊದಲನೆಯದು 2015 ಇರಬೇಕು. ಬದುವಿನ ಎರಡು ಮರ ಕಡಿಸಿ ವಾರದೊಳಗೆ ಸಾಮಿಲ್ಲಿಗೆ ಹಾಕಿದೆ. ಕೊಯ್ದ ತುಂಡುಗಳನ್ನು ಅಂಗಳದ ಬಿಸಿಲಿಗೆ ಒಡ್ಡಿದೆ. ಹದಿನೈದು ದಿನದಲ್ಲಿ ತುದಿಗಳು ಮೊಳದುದ್ದ ಸೀಳಿದವು. ಕೂಲಿ, ಸಾಗಣೆ ಎಲ್ಲ ಸೇರಿ 28 ಸಾವಿರದಷ್ಟು ಹಣ ಸೌದೆಯಾಯಿತು.

ಎರಡನೆಯ ಸಲ ನೆರಳಿನಲ್ಲಿ ಒಣಗಿಸಿದೆ, ಸೀಳು ಕಡಿಮೆಯಾಯಿತು. ಆದರೆ ಮರ ಉಳಿಸುವ ಆಸೆಯಿಂದ ಚೇಗಿನ (ಮರದ ನಡುವಿನ ಗಟ್ಟಿ ತಿರುಳಿನ) ಸುತ್ತಲಿನ ಬಿಳಿಯ ಭಾಗವನ್ನೂ ಸೇರಿಸಿ ಒಬ್ಬರಿಗೆ ಮಂಚ ಮಾಡಿಕೊಟ್ಟೆ. ಎಂಟು ತಿಂಗಳಿಗೆ ಮಂಚದ ಕೆಳಗೆ ಹುಳು ಕೊರೆದ ಹಿಟ್ಟು ಉದುರತೊಡಗಿತು. 14 ಸಾವಿರ ಹಿಂದಿರುಗಿಸಿದೆ. ಆ ಮನೆಯಾಕೆ ಹಿಟ್ಟನ್ನು ಮೊರಕ್ಕೆ ಗುಡಿಸಿ ತಂದು ತೋರಿಸಿದ್ದು ದುಡ್ಡಿಗಿಂತ ಹೆಚ್ಚು ನೋಯಿಸಿತು.

ಆಮೇಲೆ ಗಾಡಿ ಚಕ್ರ ಮಾಡುತ್ತಿದ್ದ ಹಿರಿಯರೊಬ್ಬರ ಬಳಿಗೆ ಹೋದೆ. "ಕೆಸರಿನಲ್ಲಿ ಹೂಳದ ಜಾಲಿಯನ್ನು ನಾವು ಯಾವತ್ತಪ್ಪಾ ಮುಟ್ಟಿದ್ದೇವೆ?" ಎಂದರು. ಅದರಂತೆ ಮೂರನೆಯ ಸಲ ಹೊಲದ ಹೊಂಡದಲ್ಲಿ ದಿಮ್ಮಿಗಳನ್ನು ಮುಳುಗಿಸಿದೆ. ಏಪ್ರಿಲ್‌ನಲ್ಲಿ ಹೊಂಡ ಬತ್ತಿ ಅರ್ಧ ದಿಮ್ಮಿ ಬಿಸಿಲಿಗೆ ಬಂತು. ನೀರಿನ ಗೆರೆಯಿಂದ ಮೇಲೆ ಎಲ್ಲವೂ ಬಿರುಕು, ಕೆಳಗಿನ ಭಾಗ ಅಚ್ಚುಕಟ್ಟು. ನಷ್ಟವಾದರೂ ದಾರಿ ಸರಿಯಿದೆ ಎಂದು ನನಗೆ ಖಾತ್ರಿಯಾದದ್ದು ಆ ಗೆರೆಯನ್ನು ನೋಡಿ.

ನಾಲ್ಕನೆಯ ಸಲ ಪಂಚಾಯಿತಿಯನ್ನು ಕೇಳಿಕೊಂಡು ಕೆರೆಯ ಆಳದ ಗುಂಡಿಯಲ್ಲಿ ಇಳಿಸಿದೆ. ಹಸಿ ಜಾಲಿ ತೇಲುವುದಿಲ್ಲ, ನೇರ ತಳಕ್ಕೆ ಹೋಗುತ್ತದೆ. ತಂತಿ ಕಟ್ಟಿ ದಡದಲ್ಲಿ ಗುರುತು ಇಡದಿದ್ದರೆ ಹುಡುಕುವ ಕೂಲಿ ಬೇರೆ. ತೊಗಟೆ ಸಮೇತ ಸುಮಾರು ಹತ್ತು ತಿಂಗಳು ಬಿಟ್ಟೆ. ಎತ್ತಿದಾಗ ಮೈಯೆಲ್ಲ ಕಪ್ಪು, ನಾತ ಎರಡು ದಿನ ಹೋಗಲಿಲ್ಲ. ಒದ್ದೆಯಿರುವಾಗಲೇ ಕೊಯ್ಸಿದೆ. ಒಣಗಿದ ಮೇಲೆ ಕೊಯ್ಯಲು ಹೋದರೆ ಗರಗಸಕ್ಕೂ ಮೈಗೂ ಶಿಕ್ಷೆ. ಆದರೂ ತೇಗದ ಒಂದೂವರೆ ಪಟ್ಟು ಕೂಲಿ ಕೇಳಿದರು. ಹಲ್ಲು ಮೊಂಡಾಗುವುದನ್ನು ಕಣ್ಣಾರೆ ಕಂಡಿದ್ದರಿಂದ ಚೌಕಾಸಿ ಮಾಡಲಿಲ್ಲ.

ತುದಿಗಳಿಗೆ ಸಗಣಿ, ಕೆಮ್ಮಣ್ಣಿನ ಲೇಪ ಕೊಟ್ಟೆ. ಅದಕ್ಕೆ ಇನ್ನೆರಡು ಪದಾರ್ಥ ಸೇರಿಸುತ್ತೇನೆ. ಅವನ್ನು ಮಗನಿಗೆ ಮಾತ್ರ ಹೇಳಿದ್ದೇನೆ. ಕೊಯ್ದ ತುಂಡುಗಳ ನಡುವೆ ಪಟ್ಟಿ ಕೊಟ್ಟು ಪೇರಿಸಿ, ಮೇಲೆ ಕಲ್ಲು ಹೇರಿ, ಗಾಳಿ ನೇರವಾಗಿ ಬಡಿಯದ ಕೊಟ್ಟಿಗೆಯಲ್ಲಿ ಒಂದು ವರ್ಷ ಇಟ್ಟೆ. ಬಿಳಿಯನ್ನೆಲ್ಲ ಕಳೆದು 26 ಘನ ಅಡಿಯಷ್ಟು ಚೇಗು ಸಿಕ್ಕಿತು. ಎಲ್ಲ ಖರ್ಚು ಸೇರಿ ಘನ ಅಡಿಗೆ ಸಾವಿರದ ನೂರು, ನೂರೈವತ್ತು ಬಿದ್ದಿರಬೇಕು. ಆಗ ನಮ್ಮಲ್ಲಿ ಒಳ್ಳೆಯ ತೇಗ ಮೂರು ಸಾವಿರ ದಾಟಿತ್ತು. ಒಣಗಿದ ಮೇಲೂ ಘನ ಅಡಿಗೆ 23 ಕಿಲೋ ತೂಗಿತು. ತೇಗ ಹದಿನೆಂಟರ ಸುಮಾರು.

ಜೋಡಣೆಯ ಕಚ್ಚು ಕೊರೆಯುವಾಗ ಉಳಿಯನ್ನು ಗಂಟೆಗೊಮ್ಮೆ ಮಸೆಯಬೇಕು. ಮೊಳೆ ಹೊಡೆದರೆ ಬಾಗುತ್ತದೆ, ಬೈರಿಗೆಯಿಂದ ಮೊದಲೇ ತೂತು ಮಾಡಿಕೊಳ್ಳಿ. ಕಬ್ಬಿಣ ಬೇಡ, ಹಿತ್ತಾಳೆಯ ತಿರುಪು ಹಾಕಿ. ತೇವ ತಗುಲಿದರೆ ಕಬ್ಬಿಣದ ಸುತ್ತ ಕಪ್ಪು ಕಲೆ ಹರಡುತ್ತದೆ.

ಆ ಕಲೆಯೇ ನನಗೆ ಇನ್ನೊಂದು ಹುಚ್ಚು ಹಿಡಿಸಿತು. ತುಕ್ಕು ಹಿಡಿದ ಎತ್ತಿನ ಲಾಳಗಳನ್ನು ಬೆಲ್ಲದ ನೀರಿನಲ್ಲಿ ಮೂರು ವಾರ ನೆನೆಸಿ, ಜಾಲಿ ತೊಗಟೆಯ ಕಷಾಯ ಬಳಿದ ಮರದ ಮೇಲೆ ಆ ನೀರನ್ನು ಸವರಿದೆ. ನೋಡುತ್ತಿದ್ದಂತೆ ಬೀಟೆಗಿಂತ ಕಪ್ಪಾಯಿತು! ಹಾಗೆ ಮಾಡಿದ ಎರಡು ಊಟದ ಮಣೆಗಳನ್ನು ಮಗಳು ಬೆಂಗಳೂರಿಗೆ ಒಯ್ದಳು. ಅಮಾವಾಸ್ಯೆಯಂದು ಕಡಿದರೆ ಹುಳು ಬೀಳುವುದಿಲ್ಲವೆಂಬ ಮಾತನ್ನೂ ಪರೀಕ್ಷಿಸಿದೆ. ನೆನೆಸದ ತುಂಡಿಗೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. ಎರಡಕ್ಕೂ ಹುಳು ಬಿತ್ತು.

ಈಗ ಕೆರೆಯಲ್ಲಿ ಏಳು ದಿಮ್ಮಿಗಳಿವೆ. ಅವುಗಳಲ್ಲಿ ಎರಡು, ಅಂದು ಬೇಡವೆಂದಿದ್ದ ಪಕ್ಕದೂರಿನ ಬಡಗಿಯವು. ಶಿವರಾತ್ರಿ ಕಳೆದ ಮೇಲೆ ಎತ್ತುತ್ತೇವೆ.