ಬಾಯಿಬಿಟ್ಟು ಓದಿದ ಮೇಲೆ ಸಿಕ್ಕಿದ ಕುಮಾರವ್ಯಾಸ

ಕುಮಾರವ್ಯಾಸ ಕನ್ನಡದಲ್ಲಿ ಬರೆದ ಮಹಾಭಾರತ ಕಾವ್ಯ, ಗದುಗಿನ ಭಾರತವನ್ನು ನಾನು ಮೂರು ಸಲ ಶುರುಮಾಡಿ ಮೂರು ಸಲವೂ ಬಿಟ್ಟಿದ್ದೆ. ಮೊದಲನೇ ಸಲ ಉಡುಪಿಯಲ್ಲಿ ಬಿ.ಎ. ಓದುವಾಗ. ನಮ್ಮ ಉಪನ್ಯಾಸಕರೊಬ್ಬರು, ಇದನ್ನು ಓದದವರು ಕನ್ನಡ ಗೊತ್ತು ಅಂತ ಹೇಳಬಾರದು ಎಂದಿದ್ದರು. ಕುಮಾರವ್ಯಾಸ ಹಾಡಿದರೆ ಕಲಿಯುಗ ದ್ವಾಪರವಾಗುತ್ತದೆ ಎಂಬ ಕುವೆಂಪು ಅವರ ಮಾತೂ ಕಿವಿಯಲ್ಲಿತ್ತು. ಅಷ್ಟು ದೊಡ್ಡವರು ಮೆಚ್ಚಿದ್ದು ನನಗೆ ಯಾಕೆ ದಕ್ಕುವುದಿಲ್ಲ ಎಂದು ತುಂಬ ಬೇಸರವಾಗುತ್ತಿತ್ತು. ಪುಸ್ತಕ ಕಪಾಟಿಗೆ ಹೋಗುತ್ತಿತ್ತು. ಕೆಲವು ವರ್ಷ ಬಿಟ್ಟು ಮತ್ತೆ ಕೆಳಗಿಳಿಯುತ್ತಿತ್ತು.

ಮೂರು ಸಲವೂ ನಿಂತದ್ದು ಒಂದೇ ಕಡೆ, ಆದಿಪರ್ವದ ಪೀಠಿಕೆಯಲ್ಲಿ. ಅಲ್ಲಿ ಕಥೆ ಇನ್ನೂ ಶುರುವಾಗಿರುವುದಿಲ್ಲ. ದೇವರ ಸ್ತುತಿ, ಕಾವ್ಯದ ಹಿರಿಮೆ, ಕವಿಯ ಮಾತು. ನಾನು ಪಕ್ಕದಲ್ಲಿ ಅರ್ಥಕೋಶ ಇಟ್ಟುಕೊಂಡು, ಪೆನ್ಸಿಲ್ ಹಿಡಿದು, ಒಂದೊಂದೇ ಪದ ಬಿಡಿಸುತ್ತಿದ್ದೆ. ಒಂದು ಗಂಟೆಗೆ ಆರು ಪದ್ಯ. ಇಡೀ ಕಾವ್ಯದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಪದ್ಯಗಳಿವೆ!

ದಾರಿ ತೆರೆದದ್ದು ಮಗಳಿಂದ. ಅವಳು ಹತ್ತನೇ ತರಗತಿಯಲ್ಲಿದ್ದಳು. ಜೂನ್ ತಿಂಗಳ ಒಂದು ಸಂಜೆ ಪಠ್ಯದ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದೆ.

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ

ಮುಂದಿನ ಮೂರು ಸಾಲೂ ಹೇಳಿದಳು. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಕರೆದು, ತೊಡೆ ತಾಗುವಷ್ಟು ಹತ್ತಿರ ಸರಿದು, ಮಾತು ತೆಗೆಯುವ ಜಾಗ ಅದು. ನಾನು ಕೈ ತೊಳೆದುಕೊಂಡು ಬಂದು ಅವಳ ಪುಸ್ತಕ ನೋಡಿದೆ. ಕೇಳುವಾಗ ನೀರಿನಂತೆ ಹರಿದ ಪದ್ಯ ಕಾಗದದ ಮೇಲೆ ತುಂಡು ತುಂಡಾಗಿ ಕಂಡಿತು. 'ಮೈದುನತನ' ಎಂಬ ಒಂದು ಮಾತು ಎರಡು ಸಾಲಿಗೆ ಹಂಚಿಹೋಗಿದೆ. 'ಸಮಸೇವನೆ'ಯದ್ದೂ ಅದೇ ಕಥೆ. ಪ್ರತಿ ಸಾಲಿನ ಎರಡನೇ ಅಕ್ಷರ 'ನ' ಆಗಲೇಬೇಕಲ್ವಾ, ಹಾಗಾಗಿ ಕವಿ ಪದವನ್ನು ಮುರಿದು ಮುಂದಿನ ಸಾಲಿಗೆ ದಾಟಿಸುತ್ತಾನೆ. ಕಣ್ಣು ಸಾಲಿನ ಕೊನೆಗೆ ನಿಲ್ಲುತ್ತದೆ. ಬಾಯಿ ನಿಲ್ಲುವುದಿಲ್ಲ.

ಇದನ್ನು ನಮ್ಮ ಬೀದಿಯ ಮಾಷ್ಟ್ರಿಗೆ ಹೇಳಿದೆ. ಅವರು ನಿವೃತ್ತ ಅಧ್ಯಾಪಕರು, ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ವೇಷ ಕಟ್ಟಿ ಕುಣಿಯುವ ಯಕ್ಷಗಾನಕ್ಕೆ ನಮ್ಮಲ್ಲಿ ಆಟ ಎನ್ನುತ್ತಾರೆ.

"ಎಂತ ಮಾರಾಯ್ತಿ, ನೀನು ಆಟ ನೋಡಿ ಬೆಳೆದವಳಲ್ವಾ? ಭಾಗವತರು ಭಾಮಿನಿ ಹೇಳುವಾಗ ಅರ್ಥಕೋಶ ಹಿಡ್ಕೊಂಡು ಕೂತಿದ್ಯಾ?"

"ಇಲ್ಲ ಮಾಷ್ಟ್ರೇ."

"ಇದೂ ಅದೇ ಭಾಮಿನಿ. ಜೋರಾಗಿ ಓದು. ಆದಿಪರ್ವ ಅಲ್ಲೇ ಇರ್ಲಿ, ಎಲ್ಲಿಗೂ ಓಡಿಹೋಗುದಿಲ್ಲ. ವಿರಾಟಪರ್ವದಿಂದ ಹಿಡಿ."

ಮೊದಲ ವಾರ ಲೆಕ್ಕ ಹಾಕಿಕೊಂಡೇ ಓದಿದೆ. ಭಾಮಿನಿ ಅಂದರೆ ಆರು ಸಾಲಿನ ಭಾಮಿನಿ ಷಟ್ಪದಿ. ಅದರ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಚಿಕ್ಕ ಸಾಲಿಗೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದ, ಕೊನೆಯಲ್ಲಿ ಒಂದು ಗುರು ಸೇರಿ 23. ಇನತ-ನೂಜನ-ಕೂಡೆ-ಮೈದುನ. ತೊಡೆಯ ಮೇಲೆ ಬೆರಳಿನಿಂದ ತಟ್ಟಿಕೊಂಡು ಓದಿದೆ. ಎಂಟನೇ ದಿನಕ್ಕೆ ಬೆರಳು ಬೇಡವಾಯಿತು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಪದ್ಯವೇ ಹೇಳತೊಡಗಿತು.

ಮನೆಯಲ್ಲಿ ಜೋರಾಗಿ ಓದಲು ಸಂಕೋಚವಿತ್ತು. ಅದಕ್ಕೆ ಮಳೆ ಸಹಾಯ ಮಾಡಿತು. ನಮ್ಮ ಕರಾವಳಿಯ ಮಳೆ ಹಂಚಿನ ಮಾಡಿಗೆ ಹೊಡೆಯುವಾಗ ಜಗಲಿಯಲ್ಲಿ ಎಷ್ಟು ಕಿರುಚಿದರೂ ಪಕ್ಕದ ಕೋಣೆಗೆ ಕೇಳಿಸುವುದಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು 25 ಪದ್ಯ ಓದುತ್ತಿದ್ದೆ. ಅರ್ಧ ಗಂಟೆ ಸಾಕಾಗುತ್ತಿತ್ತು. ಆಮೇಲೆ ಮಂಗಳೂರಿನ ಬಸ್ಸು, ಆಫೀಸು. ಮೇ ಕೊನೆಯ ಪತ್ತನಾಜೆಯಾದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ಆಟ ಇರುವುದಿಲ್ಲ. ಹಿಂದೆ ಅಜ್ಜನ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳಿಗೆ ಚಿಮಣಿ ದೀಪ ಇಟ್ಟು ಒಬ್ಬರು ಪುರಾಣ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು ಇತ್ತಂತೆ. ಆ ಕ್ರಮ ಯಾಕೆ ಇತ್ತು ಎಂದು ಜಗಲಿಯಲ್ಲಿ ಕೂತಾಗ ನನಗೆ ಅರ್ಥವಾಯಿತು.

ವಿರಾಟಪರ್ವದಿಂದ ಹಿಡಿದದ್ದು ಎಷ್ಟು ಒಳ್ಳೆಯದಾಯಿತೆಂದರೆ, ಉತ್ತರಕುಮಾರ ಹೆಂಗಸರ ನಡುವೆ ಕೂತು ಪೌರುಷ ಕೊಚ್ಚುವಲ್ಲಿ ನಾನು ಒಬ್ಬಳೇ ನಕ್ಕೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಗೊತ್ತಿದ್ದವರಿಗೆ ಅಲ್ಲಿ ಅರ್ಥಕೋಶ ಯಾಕೆ? ಕೌರವ ಸೇನೆ ಕಂಡಕೂಡಲೇ ಅವನು ರಥದಿಂದ ಧುಮುಕಿ ಓಡುತ್ತಾನೆ, ಹಿಂದೆ ಬೃಹನ್ನಳೆಯ ವೇಷದ ಅರ್ಜುನ. ಓದುತ್ತಿದ್ದರೆ ರಂಗಸ್ಥಳವೇ ಕಣ್ಣಮುಂದೆ ಬರುತ್ತದೆ.

ನಾನು ತಡವರಿಸುತ್ತಿದ್ದುದಕ್ಕೆ ನಿಜವಾದ ಕಾರಣವೂ ಆಗಲೇ ಗೊತ್ತಾಯಿತು. ಇದು 15ನೇ ಶತಮಾನದ ನಡುಗನ್ನಡ, ಭಾಷೆ ಹಳೆಯದು, ಅದಕ್ಕೇ ಕಷ್ಟ ಎಂದುಕೊಂಡಿದ್ದೆ. ಮುಕ್ಕಾಲು ಪಾಲು ತೊಡಕು ಬರೀ ಹೆಸರುಗಳದ್ದು! ಮೇಲಿನ ಆ ಒಂದೇ ಪದ್ಯದಲ್ಲಿ ಕೃಷ್ಣ ಮೂರು ಹೆಸರಿನಲ್ಲಿ ಬರುತ್ತಾನೆ: ದನುಜರಿಪು, ಮುರಾರಿ, ಶೌರಿ. ಇನ ಅಂದರೆ ಸೂರ್ಯ, ಇನತನೂಜ ಅಂದರೆ ಕರ್ಣ. ಒಂದು ರಟ್ಟಿನ ಮೇಲೆ ಬರೆದು ಪುಸ್ತಕದೊಳಗೆ ಇಟ್ಟುಕೊಂಡೆ. ಅರ್ಜುನನಿಗೆ ಪಾರ್ಥ, ನರ, ಫಲುಗುಣ, ಕಿರೀಟಿ. ಭೀಮನಿಗೆ ಪವನಜ, ಅನಿಲಜ. ಧರ್ಮರಾಯನಿಗೆ ಯಮಸುತ. ಆ ರಟ್ಟಿನಿಂದ ಆದಷ್ಟು ಉಪಕಾರ ನನಗೆ ಅರ್ಥಕೋಶದಿಂದ ಆಗಲಿಲ್ಲ. ಇದನ್ನು ಓದಲು ಹೊರಟವರು ಮೊದಲು ಆ ಪಟ್ಟಿ ಮಾಡಿಕೊಳ್ಳಿ.

ಇನ್ನೊಂದು ಅನುಕೂಲವನ್ನು ಕವಿಯೇ ಮಾಡಿಕೊಟ್ಟಿದ್ದಾನೆ. ಪ್ರತಿ ಸಂಧಿಯ, ಅಂದರೆ ಅಧ್ಯಾಯದ, ಮೊದಲಿಗೆ 'ಸೂಚನೆ' ಎಂದು ಒಂದು ಚಿಕ್ಕ ಪದ್ಯ ಇರುತ್ತದೆ. ಮುಂದೆ ನಡೆಯುವುದೆಲ್ಲ ಅದರಲ್ಲಿ ಹೇಳಿಬಿಟ್ಟಿರುತ್ತದೆ. ಅದನ್ನು ಮಾತ್ರ ಎರಡು ಸಲ ನಿಧಾನವಾಗಿ ಓದಿ, ಅರ್ಥ ಮಾಡಿಕೊಂಡೇ ಒಳಗೆ ಹೋಗುತ್ತಿದ್ದೆ. ಒಳಗೆ ಹತ್ತರಲ್ಲಿ ಎರಡು ಪದ್ಯ ತಿಳಿಯದಿದ್ದರೂ ಸುಮ್ನೆ ಮುಂದೆ ಹೋಗುತ್ತಿದ್ದೆ. ಮೊದಲು ಇದು ತಪ್ಪು ಅನಿಸುತ್ತಿತ್ತು. ಈಗ ಅನಿಸುವುದಿಲ್ಲ. ಭಾಗವತರ ಪದ ಪೂರ್ತಿ ತಿಳಿಯಲಿಲ್ಲ ಎಂದು ಯಾರೂ ಆಟದಿಂದ ಎದ್ದು ಹೋಗುವುದಿಲ್ಲವಲ್ಲ.

ಯುದ್ಧಪರ್ವಗಳಲ್ಲಿ ಸುಸ್ತಾದದ್ದು ನಿಜ. ಬಾಣ, ರಥ, ಆನೆ, ಮತ್ತೆ ಬಾಣ. ದ್ರೋಣಪರ್ವದಲ್ಲಿ ಅಭಿಮನ್ಯುವಿನ ಭಾಗ ಓಡಿಸಿಕೊಂಡು ಹೋಯಿತು, ಆಮೇಲೆ ಕಾಲೆಳೆದುಕೊಂಡು ನಡೆದೆ. ಸುಮಾರು ಹತ್ತು ಸಂಧಿಗಳಲ್ಲಿ ಸೂಚನೆ ಮಾತ್ರ ಓದಿ ದಾಟಿದ್ದೇನೆ. ಇದನ್ನು ಮುಗಿಸಿದ್ದು ಅಂತ ಹೇಳಬಹುದಾ ಎಂದು ಮಾಷ್ಟ್ರನ್ನು ಕೇಳಿದೆ. "ಮುಗಿಸ್ಲಿಕ್ಕೆ ಅದೇನು ಸಾಲವಾ?" ಎಂದರು.

ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಕರ್ಣಭೇದನಕ್ಕೆ ಬಂದ ದಿನ ಮಳೆ ಬಿಟ್ಟಿತ್ತು. ಅಮ್ಮ ಬಾಗಿಲ ಪಕ್ಕ ಬಂದು ಕೂತರು. ಅವರಿಗೆ ಕಣ್ಣು ಮಂಜು, ಅಕ್ಷರ ಕಾಣುವುದಿಲ್ಲ. ಮನೆಯಲ್ಲಿ ಆಡುವುದು ತುಳು. ನಾನು ಓದಿ ನಿಲ್ಲಿಸಿದಾಗ, 'ಇನ್ನೊಮ್ಮೆ ಓದು' ಎಂದರು. ಅವನು ಕುಂತಿಯ ಮಗ ಎಂದು ಈಗ ಯಾಕೆ ಹೇಳಬೇಕಿತ್ತು, ಕೃಷ್ಣ ಮಾಡಿದ್ದು ಸರಿಯಲ್ಲ ಎಂದು ಬೆಳಗಿನ ಗಂಜಿ ಊಟದವರೆಗೂ ಮಾತಾಡಿದರು. ಅಂದಿನಿಂದ ಅವರು ಒಂದು ದಿನವೂ ತಪ್ಪಿಸಲಿಲ್ಲ.

ಎರಡು ಮಳೆಗಾಲ ಹಿಡಿಯಿತು. ವಿರಾಟಪರ್ವದಿಂದ ಗದಾಪರ್ವದವರೆಗೆ ಓದಿ, ಮತ್ತೆ ಹಿಂದೆ ಬಂದು ಸಭಾಪರ್ವ, ಅರಣ್ಯಪರ್ವ, ಎಲ್ಲಕ್ಕಿಂತ ಕೊನೆಗೆ ಆದಿಪರ್ವ. ಮೂರು ಸಲ ನನ್ನನ್ನು ನಿಲ್ಲಿಸಿದ ಆ ಪೀಠಿಕೆ ಈ ಸಲ ಒಂದೇ ಬೆಳಗಿಗೆ ಮುಗಿಯಿತು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಎನ್ನುವ ಪದ್ಯ ಅಲ್ಲೇ ಇದೆ. ಕವಿಯ ಗುರುತಾದ ಮೇಲೆ ಆ ಮಾತು ಎಷ್ಟು ಚಂದ ಕೇಳಿಸಿತು!

ಈಗ ಮುದ್ದಣನ 'ಶ್ರೀರಾಮಾಶ್ವಮೇಧಂ' ಹಿಡಿದಿದ್ದೇನೆ. ಮುದ್ದಣನ ನಂದಳಿಕೆ ನಮ್ಮ ಜಿಲ್ಲೆಯೇ, ಅವನು ಡ್ರಿಲ್ ಮೇಷ್ಟ್ರಾಗಿದ್ದದ್ದೂ ಇದೇ ಉಡುಪಿಯಲ್ಲಿ. ಹಳಗನ್ನಡ ಗದ್ಯ, ತಟ್ಟಿಕೊಳ್ಳಲು ಮಾತ್ರೆಯ ಲೆಕ್ಕ ಇಲ್ಲ. ಅದಕ್ಕೆ ಬೇರೆ ಉಪಾಯ ಮಾಡಿದ್ದೇವೆ. ಅದರಲ್ಲಿ ಮುದ್ದಣ ತನ್ನ ಹೆಂಡತಿ ಮನೋರಮೆಗೆ ಕಥೆ ಹೇಳುತ್ತಾನೆ. ಮುದ್ದಣನ ಮಾತುಗಳನ್ನು ನಾನು ಓದುತ್ತೇನೆ, ಮನೋರಮೆಯದ್ದನ್ನು ಮಗಳು. ಅಮ್ಮ ಬಾಗಿಲ ಪಕ್ಕದಲ್ಲೇ ಕೂತಿರುತ್ತಾರೆ.