ಮೊದಲ ಭೇಟಿಗೆ ನೀವಿಬ್ಬರೇ ಬನ್ನಿ

ಪ್ಲೇ ಥೆರಪಿಗೆ, ಅಂದರೆ ಆಟದ ಮೂಲಕ ಮಕ್ಕಳ ಮನಸ್ಸಿಗೆ ಕೊಡುವ ಚಿಕಿತ್ಸೆಗೆ ಅಂತ ಫೋನ್ ಮಾಡುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವ ಮಾತು ಇದು. ಮೊದಲ ಸಲ ಮಗುವನ್ನು ಕರೆತರಬೇಡಿ, ನೀವಿಬ್ಬರೇ ಬನ್ನಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ಹೊಡೀತಾನೆ, ಸುಳ್ಳು ಹೇಳ್ತಾನೆ, ರಾತ್ರಿ ಹಾಸಿಗೆ ಒದ್ದೆ ಮಾಡ್ತಾನೆ" ಅಂತ ಹೊಸಬರ ಮುಂದೆ ಒಪ್ಪಿಸಿದರೆ, ಮುಂದಿನ ವಾರ ಆ ಮಗು ತಲೆ ತಗ್ಗಿಸಿಕೊಂಡೇ ಒಳಗೆ ಬರುತ್ತದೆ. ಮನೆಯಲ್ಲಿ ಮಗುವನ್ನು ಜಾಸ್ತಿ ನೋಡಿಕೊಳ್ಳುವುದು ಅಜ್ಜಿಯಾಗಿದ್ದರೆ ಅವರೂ ಬರಲಿ.

ನಾನು ಮೈಸೂರಿನಲ್ಲಿ ಮಕ್ಕಳ ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವವರು ಹೆಚ್ಚಾಗಿ 3ರಿಂದ 12 ವರ್ಷದವರು. ಕೋಣೆಯಲ್ಲಿ ಮರಳಿನ ತೊಟ್ಟಿ, ಅಡುಗೆ ಸೆಟ್ಟು, ಡಾಕ್ಟರ್ ಸೆಟ್ಟು, ಚನ್ನಪಟ್ಟಣದ ಮರದ ಗೊಂಬೆಗಳು, ರಬ್ಬರ್ ಹಾವು, ಬಸ್ಸು, ಜೇಡಿಮಣ್ಣು ಇವೆ. "ಆಟ ಮನೇಲೂ ಆಡ್ತಾಳಲ್ಲ ಮೇಡಂ, ಇದಕ್ಕೆ ಫೀಸ್ ಯಾಕೆ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಲ್ಲಿ ನಾನು ಕಲಿಸುವುದಿಲ್ಲ, ತಿದ್ದುವುದಿಲ್ಲ, ಭೇಷ್ ಅನ್ನುವುದೂ ಇಲ್ಲ. ಏನು ಆಡಬೇಕು ಅಂತ ಮಗುವೇ ತೀರ್ಮಾನ ಮಾಡುತ್ತದೆ, ನಾನು ಅದರ ಹಿಂದೆ ಹೋಗುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಬರೆದಿಟ್ಟ ಎಂಟು ತತ್ವಗಳಲ್ಲಿ ಇದೂ ಒಂದು. ಎಲ್ಲೆ ಇಲ್ಲವೇ ಇಲ್ಲ ಅಂತಲ್ಲ. "ನಿನಗೆ ತುಂಬಾ ಸಿಟ್ಟು ಬಂದಿದೆ. ನನಗೆ ಹೊಡೆಯೋ ಹಾಗಿಲ್ಲ. ಆ ದಿಂಬಿಗೆ ಹೊಡಿಬಹುದು" ಅನ್ನುತ್ತೇನೆ. ಅದಷ್ಟೇ ಸಾಕಾಗುತ್ತದೆ, ಬಹಳ ಸಲ.

ಒಬ್ಬಳು ಹುಡುಗಿಯ ವಿಷಯ ಹೇಳಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆರು ವರ್ಷ. ಅಮ್ಮ ಎರಡನೇ ಬಾಣಂತನಕ್ಕೆ ತವರಿಗೆ ಹೋದಾಗ ಸ್ಕೂಲ್ ತಪ್ಪುತ್ತದೆ ಅಂತ ಇವಳನ್ನು ಅಪ್ಪ, ಅಜ್ಜಿ ಜೊತೆ ಬಿಟ್ಟಿದ್ದರು. ಐದು ತಿಂಗಳ ಮೇಲೆ ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದಳು. ಅಲ್ಲಿಂದ ಇವಳಿಗೆ ಹಾಸಿಗೆ ಒದ್ದೆಯಾಗುವುದು ಶುರುವಾಯಿತು. ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇಂಥದ್ದರಿಂದಲೂ ಹಾಗಾಗಬಹುದು. ಅದನ್ನು ನೋಡದೆ ಆಟದ ಕೋಣೆಗೆ ಕರೆತರುವುದು ತಪ್ಪು.

ಮೊದಲ ವಾರ ಅವಳು ಪುಟ್ಟ ಪಾಪು ಗೊಂಬೆಯನ್ನು ಮರಳಲ್ಲಿ ಹೂತಳು. ಮೇಲೆ ಸೌಟಿನಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದಳು. ಆಮೇಲೆ ಒಲೆ ಹಚ್ಚಿ ಸಾರು ಮಾಡಿ, "ಪಾಪುಗೆ ಊಟ ಇಲ್ಲ" ಅಂದಳು. "ಇವತ್ತು ಪಾಪುಗೆ ಊಟ ಇಲ್ಲ" ಅಂತ ನಾನೂ ಅಂದೆ. ಅಷ್ಟೇ. ಮೂರು ವಾರ ಇದೇ ಆಟ. ನಾಲ್ಕನೇ ವಾರ ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಳು. ಮರಳು ಮುಟ್ಟಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: "ಅಮ್ಮ ಕೇಳ್ತಾಳೆ."

ಅಮ್ಮ ಪ್ರತಿ ಶುಕ್ರವಾರ ಸ್ಕೂಟರ್ ಮೇಲೆ ಕೂರಿಸಿಕೊಂಡು "ಇವತ್ತು ಏನ್ ಆಡಿದೆ? ಮಿಸ್ ಏನ್ ಕೇಳಿದ್ರು?" ಅಂತ ವಿಚಾರಿಸುತ್ತಿದ್ದರು. ಪ್ರೀತಿಯಿಂದಲೇ. ತಪ್ಪು ನನ್ನದು. ಫೀಸು, ಸಮಯ ಎಲ್ಲ ಹೇಳಿದ್ದೆ, ಇದನ್ನು ಹೇಳಿರಲಿಲ್ಲ. ತಮ್ಮನನ್ನು ಹೂತಿದ್ದು ಅಮ್ಮನಿಗೆ ಗೊತ್ತಾದರೆ ಏನು ಗತಿ ಅಂತ ಆ ಮಗು ಹೆದರಿತ್ತು. ಈಗ ಮೊದಲ ದಿನವೇ ಹೇಳುತ್ತೇನೆ: ಕೋಣೆಯಿಂದ ಬಂದ ಮಗುವಿಗೆ ಏನೂ ಕೇಳಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. "ಗುಡ್ ಗರ್ಲ್ ಆಗಿದ್ಯಾ?" ಅಂತಂತೂ ಬೇಡ. ಆ ಅಮ್ಮ ಮುಂದಿನ ವಾರದಿಂದ "ಬಾ, ಕಬ್ಬಿನ ಹಾಲು ಕುಡಿಯೋಣ" ಅಂದು ಸುಮ್ನೆ ಕರೆದುಕೊಂಡು ಹೋದರು. ಮಗು ಮತ್ತೆ ಮರಳಿಗೆ ಕೈ ಹಾಕಲು ಎರಡು ವಾರ ಬೇಕಾಯಿತು.

ಹಾಗಾದರೆ ನಮಗೇನೂ ಗೊತ್ತಾಗೋದೇ ಇಲ್ವಾ? ಗೊತ್ತಾಗುತ್ತದೆ. ನಾಲ್ಕೈದು ವಾರಕ್ಕೊಮ್ಮೆ ಅಪ್ಪ ಅಮ್ಮನ ಜೊತೆ ಬೇರೆಯಾಗಿ ಕೂರುತ್ತೇನೆ. ಪ್ರತಿ ಆಟದ ವರದಿ ಕೊಡುವುದಿಲ್ಲ, ಮಗು ಏನನ್ನು ಹೊತ್ತುಕೊಂಡಿದೆ ಅನ್ನುವುದನ್ನು ಹೇಳುತ್ತೇನೆ. ಮಗುವಿಗೆ ಅಪಾಯವಿದೆ ಅನ್ನಿಸಿದರೆ ಗುಟ್ಟು ಇಲ್ಲ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಇದನ್ನೂ ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡುತ್ತೇನೆ.

ಮಗುವಿಗೆ ಏನಂತ ಹೇಳಿ ಕರೆತರಬೇಕು? "ಟ್ಯೂಷನ್" ಅಂತ ಸುಳ್ಳು ಬೇಡ, "ನಿನ್ನ ಸರಿ ಮಾಡ್ತಾರೆ" ಅನ್ನೋದೂ ಬೇಡ. "ನಿನಗೆ ಈಚೆಗೆ ತುಂಬಾ ಬೇಜಾರಾಗ್ತಿದೆ ಅಲ್ವಾ? ಆಟ ಆಡೋಕೆ ಒಂದು ಜಾಗ ಇದೆ, ಅಲ್ಲಿ ಒಬ್ಬರು ಆಂಟಿ ಇರ್ತಾರೆ. ನಾನು ಹೊರಗೇ ಕೂತಿರ್ತೀನಿ." ಇಷ್ಟು ಸಾಕು. ಹೊರಗೆ ಕೂತಿರ್ತೀನಿ ಅಂದಮೇಲೆ ಕೂತೇ ಇರಿ, ತರಕಾರಿ ತರಲು ಹೋಗಬೇಡಿ. ಹಳೇ ಬಟ್ಟೆ ಹಾಕಿ.

ನಡುವೆ ಒಂದಷ್ಟು ದಿನ ಮನೆಯಲ್ಲಿ ಹಟ, ಸಿಟ್ಟು ಜಾಸ್ತಿಯಾಗಬಹುದು. ಒಳಗೆ ಅದುಮಿಟ್ಟಿದ್ದು ಮೇಲೆ ಬರುವ ಹೊತ್ತದು. ಬಹಳ ಜನ ಬಿಟ್ಟುಹೋಗುವುದು ಆಗಲೇ. ಸಿಟ್ಟು ವಿಪರೀತ ಅನ್ನಿಸಿದರೆ ನನಗೆ ಫೋನ್ ಮಾಡಿ, ಬರುವುದನ್ನು ಮಾತ್ರ ನಿಲ್ಲಿಸಬೇಡಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಗಂಟೆಗೆ, 45 ನಿಮಿಷ. ಎಷ್ಟು ವಾರ ಅಂತ ಯಾರಾದರೂ ಮೊದಲೇ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಥೆರಪಿಸ್ಟ್ ಎಲ್ಲಿ ತರಬೇತಿ ಪಡೆದರು, ಅವರ ಕೆಲಸವನ್ನು ಹಿರಿಯರು ಯಾರಾದರೂ ನೋಡುತ್ತಾರಾ ಅಂತ ಸಂಕೋಚವಿಲ್ಲದೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮಾತು ತಡವಾದ ಮಗುವಿಗೆ ಸ್ಪೀಚ್ ಥೆರಪಿ ಬಿಡಿಸಿ ಇದಕ್ಕೆ ಕರೆತರಬೇಡಿ. ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

ನಾನು ಎಲ್ಲಕ್ಕಿಂತ ಜಾಸ್ತಿ ನಂಬಿರುವುದು ಮನೆಯಲ್ಲಿ ಹೆತ್ತವರೇ ಮಗುವಿನ ಜೊತೆ ಹೀಗೆ ಆಡುವ ಅರ್ಧ ಗಂಟೆಯನ್ನು. 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಅಪ್ಪ ಅಮ್ಮಂದಿರಿಗೇ ಈ ಆಟ ಕಲಿಸಲು ಶುರು ಮಾಡಿದರು. 2005ರಲ್ಲಿ ಸಂಶೋಧಕಿ ಸ್ಯೂ ಬ್ರಾಟನ್ ಮತ್ತು ಜೊತೆಗಾರರು ಪ್ಲೇ ಥೆರಪಿಯ 93 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಹೆತ್ತವರೂ ಸೇರಿದ ಕಡೆ ಫಲ ಇನ್ನೂ ಚೆನ್ನಾಗಿ ಕಂಡಿತು. ಆ ಹುಡುಗಿಯ ಅಮ್ಮನಿಗೂ ಕಲಿಸಿದೆ. ಭಾನುವಾರ ತಮ್ಮನನ್ನು ಅಜ್ಜಿಯ ಹತ್ತಿರ ಬಿಟ್ಟು, ಫೋನ್ ಬೀರುವಿನಲ್ಲಿಟ್ಟು, ಅಮ್ಮ ಮಗಳು ಇಬ್ಬರೇ ಚಾಪೆ ಮೇಲೆ. ಮೊದಲ ವಾರ ಅಮ್ಮ "ಇದು ಯಾವ ಬಣ್ಣ? ಎಷ್ಟಿದೆ ಎಣಿಸು" ಅಂತ ಪಾಠ ಶುರು ಮಾಡಿಬಿಟ್ಟರು. ಮೂರನೇ ವಾರಕ್ಕೆ "ಎಲ್ಲರನ್ನೂ ಬಸ್ಸಿಗೆ ಹತ್ತಿಸ್ತಿದ್ದೀಯ" ಅಂತ ಕಂಡದ್ದನ್ನಷ್ಟೇ ಹೇಳಲು ಬಂತು. ಆಗ ಮಗಳು, "ನೀನು ಹತ್ತಬೇಡ. ನೀನು ಊರಿಗೆ ಹೋಗಬೇಡ" ಅಂದಳಂತೆ. ಅಮ್ಮ ನನಗೆ ಇದನ್ನು ಹೇಳುವಾಗ ಅತ್ತರು.

ಹಾಸಿಗೆ ಒಣಗಿದ ತಕ್ಷಣ ಅಪ್ಪ "ಇನ್ನು ಸಾಕಲ್ವಾ?" ಅಂದರು. ದಿಢೀರ್ ಅಂತ ನಿಲ್ಲಿಸಿದರೆ ಇನ್ನೊಬ್ಬರೂ ಹೇಳದೆ ಬಿಟ್ಟುಹೋದ ಹಾಗಾಗುತ್ತದೆ ಅಂತ ವಿವರಿಸಿ, ಇನ್ನೂ ನಾಲ್ಕು ಶುಕ್ರವಾರ ಕೇಳಿ ತೆಗೆದುಕೊಂಡೆ. ಕ್ಯಾಲೆಂಡರಿನಲ್ಲಿ ಒಂದೊಂದನ್ನೂ ಅವಳೇ ಕೆಂಪು ಬಣ್ಣದಲ್ಲಿ ಹೊಡೆದುಹಾಕಿದಳು. ಕೊನೆಯ ದಿನ ಪಾಪು ಗೊಂಬೆಯನ್ನು ತೊಳೆದು, ಒರೆಸಿ, ಅಡುಗೆ ಸೆಟ್ಟಿನ ದೊಡ್ಡ ಪಾತ್ರೆಯಲ್ಲಿ ಮಲಗಿಸಿ, ಮುಚ್ಚಳ ಮಾತ್ರ ಪಕ್ಕಕ್ಕೆ ಇಟ್ಟಳು.