ಟಾರಸಿ ಮೇಲೆ ಗೆಣಸು: ಗೊಬ್ಬರ ಬಿಟ್ಟೆ, ಗೆಡ್ಡೆ ಬಂತು

ಟಾರಸಿ ಮೇಲೆ ಗೆಣಸು ಬರಲ್ಲ, ಬರೀ ಬಳ್ಳಿ ಬರುತ್ತೆ. ಕೈತೋಟ ಮಾಡುವ ಗೆಳೆಯರೆಲ್ಲ ನನಗೆ ಹೇಳಿದ್ದು ಇದನ್ನೇ. ಟಿ. ನರಸೀಪುರದ ಹತ್ತಿರ ಬೇಸಾಯ ಮಾಡುವ ನಮ್ಮಣ್ಣನಂತೂ "ಗೆಣಸಿಗೆ ನೆಲ ಬೇಕು ಕಣೋ, ಚೀಲದಲ್ಲಿ ಏನು ಬರುತ್ತೆ? ಸುಮ್ನೆ ದುಡ್ಡು ಹಾಳು" ಅಂದಿದ್ದ. ಈಗ ಮೈಸೂರಿನ ನಮ್ಮ ಮನೆ ಟಾರಸಿಯಲ್ಲಿ ಎಂಟು ಚೀಲದಿಂದ 17-18 ಕೆಜಿ ಗೆಣಸು ಕಿತ್ತಿದ್ದೇನೆ. ಅದಕ್ಕೇ ಇದನ್ನ ಬರೀತಿದ್ದೇನೆ.

ಮೊದಲ ವರ್ಷ ಎಲ್ಲರೂ ಹೇಳುವ ಹಾಗೆ ಅರ್ಧ ಮಣ್ಣು, ಅರ್ಧ ಕೊಟ್ಟಿಗೆ ಗೊಬ್ಬರ. ಹದಿನೈದು ದಿನಕ್ಕೊಮ್ಮೆ ಜೀವಾಮೃತ, ಅಂದರೆ ಸಗಣಿ, ಗಂಜಲ, ಬೆಲ್ಲ ಕಲೆಸಿ ಕೊಳೆಸಿದ ನೀರು ಗೊಬ್ಬರ. ಬಳ್ಳಿ ಹಬ್ಬಿ ಕೆಳಗಿನ ಮನೆಯವರ ಕಿಟಕಿ ತನಕ ಇಳಿಯಿತು. ಚೀಲ ಮಗುಚಿ ನೋಡಿದರೆ ಪೆನ್ಸಿಲ್ ದಪ್ಪದ ಬೇರು. ಮರುವರ್ಷ ಎತ್ತರದ ಡ್ರಮ್ಮು. ಒಂದೊಂದಕ್ಕೆ 350 ರೂಪಾಯಿ ಕೊಟ್ಟ ನೆನಪು. ಗೆಡ್ಡೆ ಬಂತು, ಆದರೆ ಮೊಳದುದ್ದ, ಸೊಟ್ಟ, ಬರೀ ನಾರು. ಮೂರನೇ ಸಲ ಒಂದು ನರ್ಸರಿಯಿಂದ ಕೊರಿಯರ್‌ನಲ್ಲಿ ಕಿತ್ತಳೆ ಬಣ್ಣದ ತಳಿ ಅಂತ ನೆಡೋದಕ್ಕೆ ಬಳ್ಳಿಯ ಕುಡಿ ತರಿಸಿದೆ. ಸಾಗಣೆ ಸೇರಿ 400 ರೂಪಾಯಿ ಮೇಲೆ ಆಯ್ತು. ಕಿತ್ತಾಗ ಒಳಗೆ ಅಪ್ಪಟ ಬಿಳಿ. ಜೊತೆಗೆ ಮೂತಿ ಹುಳ ಬೇರೆ ಬಂದಿತ್ತು. ಆ ಹುಳ ಕೊರೆದ ಗೆಣಸನ್ನು ಎಷ್ಟು ಹೆರೆದರೂ ಉಪಯೋಗವಿಲ್ಲ. ಒಂದು ಸಣ್ಣ ತೂತಿದ್ದರೂ ಪೂರ್ತಿ ಗೆಡ್ಡೆ ಕಹಿ, ಬೇಯಿಸಿದರೆ ಇನ್ನೂ ಜಾಸ್ತಿ ವಾಸನೆ. ಅದರ ಮೇಲೆ ಬೂಷ್ಟು ಹಿಡಿದಿದ್ದರೆ ದನಕ್ಕೂ ಹಾಕಬೇಡಿ, ವಿಷ.

ಇಷ್ಟರಲ್ಲಿ ಐದು ಸಾವಿರದ ಹತ್ತಿರ ಖರ್ಚಾಗಿತ್ತು. ಮಾರ್ಕೆಟಿನಲ್ಲಿ ಆಗ ಸಂಕ್ರಾಂತಿ ಹೊತ್ತಿಗೆ ಗೆಣಸು ಕೆಜಿಗೆ 50 ರೂಪಾಯಿ ಇತ್ತು. ಮನೆಯಲ್ಲಿ ಎಲ್ಲರೂ ಬಿಟ್ಟುಬಿಡಿ ಅಂದರು.

ದಾರಿ ತೋರಿಸಿದ್ದು ಬೆಳಗಾವಿ ಕಡೆಯ ಹೊಲ. ನಮ್ಮ ರಾಜ್ಯದಲ್ಲಿ ಗೆಣಸು ಅಂದರೆ ಬೆಳಗಾವಿಯೇ ಅಲ್ವಾ? ಅಲ್ಲಿ ಮಳೆ ನಂಬಿ, ಬೋದು, ಅಂದರೆ ಮಣ್ಣಿನ ದಿಂಡು ಏರಿಸಿ, ಕೆಂಪು ಮಣ್ಣಿನಲ್ಲಿ ಬೆಳೆಯುವುದನ್ನು ನೋಡಿ ಬಂದೆ. ಯಾರೂ ಗೊಬ್ಬರ ಸುರಿಯುತ್ತಿರಲಿಲ್ಲ. ಹೊಟ್ಟೆ ತುಂಬಿದರೆ ಬಳ್ಳಿ ಗೆಡ್ಡೆ ಕಟ್ಟಲ್ಲ, ಅಷ್ಟೇ ವಿಷಯ. ವಾಪಸ್ ಬಂದು ಎಲ್ಲ ಬದಲಾಯಿಸಿದೆ.

ಎರಡಡಿ ಅಗಲ, ಒಂದಡಿ ಎತ್ತರದ ಚೀಲ. ಮಣ್ಣು ಹೊಸದಲ್ಲ. ಟೊಮೆಟೊ ಬೆಳೆದು ಸಾರ ಇಳಿದ ಹಳೇ ಮಣ್ಣಿಗೆ ಇನ್ನೊಂದಷ್ಟು ಕೆಮ್ಮಣ್ಣು, ಮೂರರಲ್ಲಿ ಒಂದು ಪಾಲು ತೆಂಗಿನ ನಾರಿನ ಪುಡಿ. ಗೊಬ್ಬರ ಚೀಲಕ್ಕೆ ಒಂದು ಬೊಗಸೆ ಮಾತ್ರ. ನೆಟ್ಟು ಒಂದೂವರೆ ತಿಂಗಳಾದ ಮೇಲೆ ಸೌದೆ ಬೂದಿ ಎರಡು ಹಿಡಿ, ಮತ್ತೆ ಒಂದು ತಿಂಗಳು ಬಿಟ್ಟು ಇನ್ನೆರಡು ಹಿಡಿ. ಬೂದಿಯ ಜೊತೆ ಇನ್ನೊಂದು ಪುಡಿ ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನೆಡುವುದು ಹುಬ್ಬೆ ಮಳೆಗೆ, ಅಂದರೆ ಸೆಪ್ಟೆಂಬರ್ ಶುರುವಿನಲ್ಲಿ. ಬಳ್ಳಿಯ ತುದಿ ಕುಡಿಯನ್ನೇ ತೆಗೆದುಕೊಳ್ಳಬೇಕು, ಬುಡದ ಕಡೆಯದರಲ್ಲಿ ಹುಳದ ಮೊಟ್ಟೆ ಇರುವ ಸಾಧ್ಯತೆ ಜಾಸ್ತಿ. ಗೇಣುದ್ದದ ಕುಡಿ, ಎಲೆ ಕಿತ್ತು, ಮೂರು ನಾಲ್ಕು ಗೆಣ್ಣು ಮಣ್ಣೊಳಗೆ ಮಲಗುವ ಹಾಗೆ ನೆಡುತ್ತೇನೆ. ನೆಟ್ಟಗೆ ಚುಚ್ಚಿದ ಚೀಲದಲ್ಲಿ ಒಂದೆರಡು ದೊಡ್ಡ ಗೆಡ್ಡೆ ಬಂತು, ಮಲಗಿಸಿದ ಚೀಲದಲ್ಲಿ ಒಂದೇ ಅಳತೆಯವು ನಾಲ್ಕೈದು. ಸುಡೋದಕ್ಕೆ ನನಗೆ ಎರಡನೆಯದೇ ಬೇಕು. ಚೀಲಕ್ಕೆ ನಾಲ್ಕು ಕುಡಿ ಸಾಕು. ಹಬ್ಬಿದ ಬಳ್ಳಿ ಪಕ್ಕದ ಚೀಲದಲ್ಲಿ ಬೇರು ಬಿಡದ ಹಾಗೆ ಆಗಾಗ ಎತ್ತಿ ಹಾಕಬೇಕು.

ಎರಡೂವರೆ ತಿಂಗಳಿಗೆ ಮಣ್ಣು ಬಿರುಕು ಬಿಡಲು ಶುರುವಾಗುತ್ತೆ. ಗೆಡ್ಡೆ ದಪ್ಪ ಆಗ್ತಿದೆ ಅಂತ ಖುಷಿ ಪಡುವ ಹೊತ್ತು ಅದಲ್ಲ. ಮೂತಿ ಹುಳ ಆ ಬಿರುಕಿನಲ್ಲೇ ಗೆಡ್ಡೆ ತನಕ ಇಳಿಯುವುದು. ದಿನಾ ಬೆಳಗ್ಗೆ ಬಗ್ಗಿ ನೋಡಿ, ಬೆರಳಲ್ಲಿ ಮಣ್ಣು ಎಳೆದು ಮುಚ್ಚುತ್ತೇನೆ. ಔಷಧಿ ಹೊಡೆದಿಲ್ಲ. ಎಂಟು ಚೀಲದಲ್ಲಿ ಹುಳ ಹಿಡಿದದ್ದು ಒಂದು ಹಿಡಿಯಷ್ಟು ಗೆಡ್ಡೆ ಮಾತ್ರ.

ಧನುರ್ಮಾಸ ಶುರುವಾದ ವಾರ ಕಿತ್ತೆವು. ಅದಕ್ಕೆ ಹತ್ತು ದಿನ ಮುಂಚೆಯೇ ನೀರು ನಿಲ್ಲಿಸಿದ್ದೆ. ಅಣ್ಣ ಅವತ್ತು ಬಂದಿದ್ದ. ಮೊದಲ ಚೀಲದ ಮಣ್ಣನ್ನು ಅವನೇ ಕೈಯಲ್ಲಿ ಬಗೆದ. ಒಂದು, ಎರಡು, ಬುಡದ ಸುತ್ತ ಒಟ್ಟಿಗೆ ಐದು. "ಮಾರ್ಕೆಟಿಂದ ತಂದು ಹೂತಿಟ್ಟಿದೀಯಾ?" ಅಂದ. ಬೇರು ಇನ್ನೂ ಬಳ್ಳಿಗೆ ಅಂಟಿಕೊಂಡಿತ್ತು, ಮುರಿದ ಕಡೆ ಹಾಲು ಸುರಿಯುತ್ತಿತ್ತು. ಹೋಗುವಾಗ ಒಂದು ಕಟ್ಟು ಕುಡಿ ಕೇಳಿ ಒಯ್ದ.

ಇನ್ನು ಬಹಳ ಜನ ಬಿಟ್ಟುಬಿಡುವ ಕೆಲಸ. ಕಿತ್ತ ದಿನ ಬೇಯಿಸಿದ ಗೆಣಸು ಸಪ್ಪೆ. ಅದನ್ನು ಬೆಚ್ಚಗೆ, ತೇವದಲ್ಲಿ ಒಂದು ವಾರ ಮಾಗಿಸಬೇಕು. ತೊಳೆಯಬಾರದು. ನಾನು ದೊಡ್ಡ ಥರ್ಮೋಕೋಲ್ ಡಬ್ಬಿಯಲ್ಲಿ 40 ವ್ಯಾಟಿನ ಹಳೇ ಬಲ್ಬು, ಒಂದು ಬಟ್ಟಲು ನೀರು ಇಟ್ಟು, ಮುಚ್ಚಳ ಸ್ವಲ್ಪ ಸರಿಸಿ, ಒಳಗೆ 30 ಡಿಗ್ರಿ ಆಸುಪಾಸು ಇರುವ ಹಾಗೆ ನೋಡಿಕೊಂಡೆ. ಸಿಪ್ಪೆಯ ಗಾಯ ಎಲ್ಲ ಒಣಗಿ ಕೂಡಿಕೊಳ್ಳುತ್ತೆ. ಆಮೇಲೆ ಗೋಣಿಚೀಲದಲ್ಲಿ ಸುತ್ತಿ ಕತ್ತಲೆಯಲ್ಲಿ ಎರಡು ವಾರ. ಸಂಕ್ರಾಂತಿಗೆ ಸರಿಯಾಗುತ್ತೆ. ಫ್ರಿಜ್ಜಿಗೆ ಮಾತ್ರ ಇಡಬೇಡಿ. ಚಳಿ ತಾಗಿದ ಗೆಣಸಿನ ನಡುಭಾಗ ಎಷ್ಟು ಬೇಯಿಸಿದರೂ ಗಟ್ಟಿಯಾಗೇ ಉಳಿಯುತ್ತೆ.

ಕುಕ್ಕರಿಗೂ ಹಾಕಬೇಡಿ. ಗೆಣಸು 60ರಿಂದ 75 ಡಿಗ್ರಿ ನಡುವೆ ನಿಧಾನವಾಗಿ ಕಾಯುವಾಗಲೇ ಅದರ ಪಿಷ್ಟ ಸಕ್ಕರೆಯಾಗುವುದು. ಕುಕ್ಕರಿನಲ್ಲಿ ಆ ಹಂತ ಸರ್ ಅಂತ ದಾಟಿ ಹೋಗುತ್ತೆ. ಬಚ್ಚಲ ಒಲೆಯ ಬಿಸಿ ಬೂದಿಯಲ್ಲಿ ಹೂತ ಗೆಣಸು ಅಷ್ಟು ಸಿಹಿ ಯಾಕೆ ಇರುತ್ತಿತ್ತು ಅಂತ ಈಗ ಗೊತ್ತಾಯ್ತಲ್ಲ. ನಮ್ಮ ಮನೆಯಲ್ಲಿ ಆ ಒಲೆ ಇಲ್ಲ. ದಪ್ಪ ಕಬ್ಬಿಣದ ಬಾಣಲೆಯಲ್ಲಿ, ಕಡಲೆಕಾಯಿ ಹುರಿಯುವಂಥ ಮರಳು ತುಂಬಿ, ಮಧ್ಯಮ ಗಾತ್ರದ ಗೆಣಸು ಹೂತು, ಭಾರದ ಮುಚ್ಚಳ ಮುಚ್ಚಿ, ಸಣ್ಣ ಒಲೆಯಲ್ಲಿ ಸಿಮ್ಮಿನಲ್ಲಿ ಒಂದೂಕಾಲು ಗಂಟೆ ಬಿಡುತ್ತೇನೆ. ಐದು ರೂಪಾಯಿ ಗ್ಯಾಸ್ ಆಗಬಹುದು. ತುದಿಯಲ್ಲಿ ಪಾಕ ಒಸರಿ, ಕಪ್ಪಗೆ ಅಂಟಂಟಾಗಿ ಕಟ್ಟಿದರೆ ಹದ ಬಂತು ಅಂತ. ಆರಿಸುವ ಮುಂಚೆ ಕೊನೆಯ ಹತ್ತು ನಿಮಿಷ ಏನು ಮಾಡುತ್ತೇನೆ ಅನ್ನುವುದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನನ್ನ ಹೆಚ್ಚಿನ ಚೀಲ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಭೂ ಸೋನಾ ತಳಿ. ಒಳಗೆ ಒಳ್ಳೇ ಕಿತ್ತಳೆ ಬಣ್ಣ. ಸುಟ್ಟರೆ ಬೆಣ್ಣೆ. ಆದರೆ ಹೋಳಿಗೆಗೆ ಒಗ್ಗಲ್ಲ, ನೀರು ಜಾಸ್ತಿ, ಹೂರಣ ಸಡಿಲ. ಹೋಳಿಗೆಗೆ ನಮ್ಮ ಕೆಂಪು ಸಿಪ್ಪೆಯ ಬಿಳಿ ಗೆಣಸೇ ಸರಿ. ಒಂದು ಚೀಲ ಅದೇ ಸಂಸ್ಥೆಯ ಭೂ ಕೃಷ್ಣ ಇತ್ತು, ಒಳಗೆಲ್ಲ ನೇರಳೆ. ಅದರ ಬಜ್ಜಿ ಮಾಡಿದಾಗ ಹಿಟ್ಟಿಗೆ ಹಾಕಿದ ಸೋಡಾ ತಾಗಿ ಬಿಲ್ಲೆಯ ಅಂಚು ಹಸಿರುನೀಲಿಗೆ ತಿರುಗಿತು. ಮಕ್ಕಳು ಮುಟ್ಟಲಿಲ್ಲ. ಬೇಯಿಸಿ ಕಿವುಚಿ ನಿಂಬೆಹಣ್ಣು ಹಿಂಡಿದರೆ ಅದೇ ಗೆಣಸು ಗುಲಾಬಿ ಆಗುತ್ತೆ, ಅದನ್ನು ಜಗಳ ಮಾಡಿ ತಿಂದರು. ಬಳ್ಳಿಯ ಎಳೇ ಕುಡಿಯ ಪಲ್ಯವೂ ಚೆನ್ನಾಗಿರುತ್ತೆ, ಬೆಳ್ಳುಳ್ಳಿ ಒಗ್ಗರಣೆ ಸಾಕು. ಆದರೆ ಗೆಡ್ಡೆ ಬೇಕಾದ ಚೀಲದಿಂದ ಜಾಸ್ತಿ ಕುಡಿ ಕೀಳಬೇಡಿ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಚೀಲ, ನಾರಿನ ಪುಡಿ, ಮಣ್ಣು ಸೇರಿ ಆ ವರ್ಷ 2,200 ರೂಪಾಯಿ ಇರಬಹುದು. ಮಾರ್ಕೆಟ್ ರೇಟಿನಲ್ಲಿ ಬೆಳೆ 900 ರೂಪಾಯಿಯದು. ಚೀಲ ಮೂರು ವರ್ಷ ಬಾಳುತ್ತೆ, ಮುಂದಿನ ಬೆಳೆಗಳಿಗೆ ಬೂದಿ ಬಿಟ್ಟರೆ ದೊಡ್ಡ ಖರ್ಚಿಲ್ಲ. ಕಿತ್ತಳೆ ಗೆಣಸನ್ನು ಬೆಂಗಳೂರಿನ ಮಾಲ್‌ನಲ್ಲಿ ಕೆಜಿಗೆ 140ಕ್ಕೆ ಮಾರುವುದನ್ನು ನೋಡಿದ್ದೇನೆ. ಆ ಲೆಕ್ಕದಲ್ಲಿ ನನಗೆ ಮೊದಲ ವರ್ಷವೇ ಗಿಟ್ಟಿತು.

ಬಳ್ಳಿ ಮಾತ್ರ ಪ್ರತಿ ವರ್ಷ ಕೊಳ್ಳಬೇಡಿ. ತಳಿಗೊಂದು ಚೀಲ ಬೇಸಿಗೆಯಲ್ಲಿ ನೆರಳಿಗೆ ಇಟ್ಟು ಜೀವ ಉಳಿಸಿಕೊಂಡರೆ ಸಾಕು. ಜುಲೈ ಕೊನೆಯಲ್ಲಿ ಒಮ್ಮೆ ಕತ್ತರಿಸಿ ಬಿಡಿ, ಈ ಚೀಲಕ್ಕೆ ಗೊಬ್ಬರ ಧಾರಾಳವಾಗಿ ಹಾಕಿ. ಹುಬ್ಬೆ ಮಳೆ ಹೊತ್ತಿಗೆ ಹುಳವಿಲ್ಲದ ಹೊಸ ಕುಡಿ ಸಿದ್ಧ. ಈ ಸಲ ಹನ್ನೆರಡು ಚೀಲ ಹಾಕುತ್ತಿದ್ದೇನೆ. ನಾಲ್ಕರಲ್ಲಿ ಭೂ ಕೃಷ್ಣ.